ಒಂದು ಕುರೈಯೂ ಇಲ್ಲದ ಊರು

ಕಳೆದ ತಿಂಗಳು ಕುಮುಳಿಗೆ ಹೋಗುವ ಬಸ್ಸು ಚಿನ್ನಮನೂರಿನಲ್ಲಿ ನಿಂತಾಗ ಒಬ್ಬಾತ ಕಪ್ಪು ದ್ರಾಕ್ಷಿ ತುಂಬಿದ ಕ್ರೇಟು ತಂದು, ನನ್ನನ್ನು ಒಂದು ಮಾತೂ ಕೇಳದೆ, ನನ್ನ ಕಾಲ ಬುಡದಲ್ಲೇ ಇಟ್ಟ. ತಳದ ಹಣ್ಣುಗಳು ಒಡೆದು ರಸ ಸೋರುತ್ತಿತ್ತು. ಆ ಹುಳಿಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಎಂ.ಎಸ್.ಡಬ್ಲ್ಯೂ ಓದುವ ಹುಡುಗಿಯಾಗಿ, ಕುತ್ತಿಗೆಗೆ ಐಡಿ ಕಾರ್ಡು ನೇತುಹಾಕಿಕೊಂಡು, ಸುತ್ತ ಏನು ನಡೆಯುತ್ತಿದೆಯೆಂದು ಒಂದಿಷ್ಟೂ ತಿಳಿಯದೆ ತಮಿಳುನಾಡಿನ ಈ ಕಣಿವೆಯಲ್ಲಿ ಅಲೆದಾಡಿದ ಒಂದು ಮಳೆಗಾಲ ಪೂರ್ತಿಯಾಗಿ ಎದ್ದು ಬಂತು. ಅದನ್ನು ನೆನೆದರೆ ಇವತ್ತಿಗೂ ನನಗೆ ತಲೆ ಗಿಮ್ಮೆನ್ನುತ್ತದೆ.

ಮೈಸೂರಿನ ನನ್ನ ಗೆಳತಿಯರಿಗೆಲ್ಲ ಫ್ಯಾನು, ಮೇಜು, ಕ್ಯಾಂಟೀನು ಇರುವ ಕಡೆ ಇಂಟರ್ನ್‌ಶಿಪ್ ಸಿಕ್ಕಿತ್ತು. ನನಗೆ ಸಿಕ್ಕಿದ್ದು ದಿಂಡಿಗಲ್ಲಿನ ಒಂದು ಪುಟ್ಟ ಸಂಸ್ಥೆ. ಬಿರಿಯಾನಿ ಹೋಟೆಲಿನ ಮಹಡಿಯ ಮೇಲೆ ಎರಡು ಕೋಣೆ. ಹನ್ನೊಂದು ಗಂಟೆಯಾದರೆ ಕೆಳಗಿನ ಮಸಾಲೆಯ ಘಮ ಬಂದು ಯಾರಿಗೂ ಕೆಲಸ ಮಾಡುವ ಮನಸ್ಸಿರುತ್ತಿರಲಿಲ್ಲ. ವಯಸ್ಸಾದವರ ಪರವಾಗಿ ಸರ್ಕಾರದ ನಿಯಮಗಳನ್ನು ಬದಲಾಯಿಸುವಂತೆ ಒತ್ತಾಯಿಸುವುದು ಅವರ ಕೆಲಸ. ಅಮ್ಮನಿಗೆ ಇದನ್ನು ಫೋನಿನಲ್ಲಿ ವಿವರಿಸಿದರೆ, 'ಅಂದ್ರೆ ಲಾಯರ್ ಕೆಲ್ಸನಾ?' ಎಂದಳು. ಅಲ್ಲ ಎಂದೆ. 'ಮತ್ತೆ ನರ್ಸಾ?' ಎಂದಳು. ಅದೂ ಅಲ್ಲ ಎಂದೆ. ಮುಂದೆ ಕೇಳಿದ್ದರೆ ನನಗೂ ಗೊತ್ತಿರಲಿಲ್ಲ, ಪುಣ್ಯಕ್ಕೆ ಕೇಳಲಿಲ್ಲ.

ಸಂಸ್ಥೆಯನ್ನು ನಡೆಸುತ್ತಿದ್ದವರು ಸೆಲ್ವಿ ಅಕ್ಕ. ನಲವತ್ತರ ಆಸುಪಾಸಿನ ದಿಂಡಿಗಲ್ ಹೆಂಗಸು, ಮಾತು ಸರಸರ, ನಡಿಗೆ ಇನ್ನೂ ಸರಸರ. ನನಗೆ ಬರುವಷ್ಟು ತಮಿಳಿಗೆ ತಮ್ಮ ತಮಿಳನ್ನು ಇಳಿಸಿ ಮಾತಾಡುತ್ತಿದ್ದರು. ಆ ವರ್ಷ ಅವರು ಹಿಡಿದಿದ್ದ ಬೇಡಿಕೆ ಒಂದೇ. ಮುದುಕರು ಒಬ್ಬರೇ ಆಪರೇಷನ್ನಿಗೆಂದು ಆಸ್ಪತ್ರೆಗೆ ಹೋದರೆ, ಜೊತೆಗೆ ಯಾರಿದ್ದಾರೆ, ಸಹಿ ಹಾಕುವವರು ಯಾರು ಎಂದು ಕೇಳಿ ವಾಪಸು ಕಳಿಸುತ್ತಾರೆ. ಜೊತೆಗಿರುವವರು ಸಂಬಂಧಿಕರಾಗಿರಬೇಕು, ಗಟ್ಟಿಮುಟ್ಟಾಗಿಯೂ ಇರಬೇಕು. ಯಾರೂ ಇಲ್ಲದವರಿಗೆ, ಮನೆಯವರಿದ್ದೂ ಜೊತೆಗೆ ಯಾರೂ ಬಾರದವರಿಗೆ, ಸರ್ಕಾರವೇ ಒಬ್ಬ ಜೊತೆಗಾರರನ್ನು ನೇಮಿಸಬೇಕು ಎಂಬುದು ಬೇಡಿಕೆ. ಮಳೆಗಾಲದ ಕೊನೆಗೆ ತೇನಿಯಲ್ಲಿ ಅಧಿಕಾರಿಗಳ ಮುಂದೆ ಒಂದು ಅಹವಾಲು ಸಭೆ. ಅಲ್ಲಿಗೆ ಹೀಗೆ ವಾಪಸಾದ ಹಿರಿಯರನ್ನು ಕರೆತರಬೇಕು.

'ಒಂದು ಮಾತು ನೆನಪಿಟ್ಟುಕೋ' ಎಂದರು ಸೆಲ್ವಿ ಅಕ್ಕ. 'ಅವರ ಕಷ್ಟ ಅವರ ಬಾಯಿಂದಲೇ ಬರಬೇಕು. ನೀನೂ ಹೇಳಬಾರದು, ನಾನೂ ಹೇಳಬಾರದು.'

ಕ್ಲಾಸಿನಲ್ಲೂ ಇದನ್ನೇ ಕಲಿಸಿದ್ದರು. ನನಗೆ ತುಂಬ ಇಷ್ಟವಾದ ಪಾಠ ಅದು. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಒಳ್ಳೆಯ ಅಂಕವನ್ನೂ ಹೊಡೆದಿದ್ದೆ.

ನನ್ನನ್ನು ಆರಿಸಿಕೊಂಡ ಕಾರಣ ನನ್ನ ಕನ್ನಡ. ಚಿನ್ನಮನೂರಿನಿಂದ ಸ್ವಲ್ಪ ಒಳಗೆ, ಗದ್ದೆ ಬಯಲಿನ ಅಂಚಿನ ಒಂದು ಊರಿನಲ್ಲಿ ಮನೆಮನೆಗೂ ಕನ್ನಡ. ನೂರಾರು ವರ್ಷಗಳ ಹಿಂದೆ ದನ ಹೊಡೆದುಕೊಂಡು ಬಂದು ನೆಲೆಯೂರಿದ ಒಕ್ಕಲು ಜನ. ನಮ್ಮವರೇ ಅಲ್ಲವೇ ಎಂದು ಹಿಗ್ಗಿ ಹೋದರೆ, ಅವರು ಮಾತಾಡಿದ್ದರಲ್ಲಿ ಅರ್ಧ ನನಗೆ ತಿಳಿಯಲಿಲ್ಲ, ನಾನು ಮಾತಾಡಿದ್ದು ಅವರಿಗೆ ರೇಡಿಯೋ ವಾರ್ತೆಯ ಹಾಗೆ ಕೇಳಿತಂತೆ. ಮಾತಿನಲ್ಲಿ ಹಕಾರವೇ ಇಲ್ಲ, ನಡುನಡುವೆ ಧಾರಾಳ ತಮಿಳು. ಹುಡುಗರಿಗೆ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ನನಗೆ 'ಮೈಸೂರ್ ಪುಳ್ಳೆ' ಎಂದು ಹೆಸರಿಟ್ಟರು. ಪುಳ್ಳೆ ಎಂದರೆ ಹುಡುಗಿ. ಮೊದಲ ದಿನ ಬೈಗುಳವೆಂದೇ ತಿಳಿದು ಮುಖ ಊದಿಸಿಕೊಂಡಿದ್ದೆ.

ಅದು ಆಡಿ ತಿಂಗಳು, ನಮ್ಮ ಆಷಾಢದ ಹೊತ್ತು. ಘಟ್ಟದ ಆಚೆ ಕೇರಳದಲ್ಲಿ ಮಳೆ ಧೋ ಎಂದು ಸುರಿಯುತ್ತಿದ್ದರೆ ಈಚೆಗೆ ಬರುತ್ತಿದ್ದುದು ಅದರ ಉಳಿಕೆ, ಹುಡಿ ಹುಡಿಯಾದ ತುಂತುರು, ಮತ್ತು ಗಾಳಿ. ಎಂಥ ಗಾಳಿ! ತೆಂಗಿನ ಮರಗಳೆಲ್ಲ ಒಂದೇ ಕಡೆಗೆ ಬಾಗಿದ್ದವು, ನನ್ನ ಕೊಡೆ ಒಂದೇ ವಾರದಲ್ಲಿ ಕಡ್ಡಿ ಕಡ್ಡಿಯಾಯಿತು. ನದಿಯ ನೀರು ಬಿಟ್ಟಿದ್ದರಿಂದ ಗದ್ದೆಗಳಲ್ಲಿ ನಾಟಿ ನಡೆದಿತ್ತು. ದ್ರಾಕ್ಷಿ ಚಪ್ಪರಗಳ ಕೆಳಗೆ ಹೆಂಗಸರು ಕತ್ತೆತ್ತಿಕೊಂಡು ಗೊಂಚಲು ಕತ್ತರಿಸುತ್ತಿದ್ದರು. ನಾನು ಮನೆ ಮನೆ ಹತ್ತಿ ಇಳಿದು ಕೇಳುತ್ತಿದ್ದೆ: 'ಅಜ್ಜಿ, ನಿಮಗೇನು ತೊಂದರೆ?'

'ನಮಗೊಂದು ಕುರೈಯೂ ಇಲ್ಲ ಕಣ್ಣು' ಎನ್ನುತ್ತಿದ್ದರು. ಕುರೈ ಎಂದರೆ ಕೊರತೆ, ದೂರು, ಎರಡೂ; ಕಣ್ಣು ಎಂಬುದು ಮುದ್ದಿಗೆ ಕರೆಯುವ ಮಾತು. 'ಮಗ ತಂಗದಂತೋನು. ಸೊಸೆ ಒತ್ತೊತ್ತಿಗೆ ಸೋರು ಇಕ್ತಾಳೆ. ನೀ ಉಂಡ್ಯಾ?'

ಎಲ್ಲರ ಮನೆಯಲ್ಲೂ ಚಿನ್ನದಂಥ ಮಗ. ಎಲ್ಲರ ಮನೆಯಲ್ಲೂ ಹೊತ್ತಿಗೆ ಸರಿಯಾಗಿ ಅನ್ನ. ಇಡೀ ಬೀದಿ ತಿರುಗಿದರೂ ಒಂದು ಕೊರತೆ ಸಿಗಲಿಲ್ಲ. ಸಿಕ್ಕಿದ್ದು ಮಜ್ಜಿಗೆ, ಮುರುಕು, ಬಾಳೆಹಣ್ಣು. ಇಷ್ಟು ಸುಖವಾದ ಊರಿಗೆ ಯಾಕೆ ಕಳಿಸಿದಿರಿ ಎಂದು ಸೆಲ್ವಿ ಅಕ್ಕನಿಗೆ ಫೋನು ಮಾಡಿದೆ. ಅವರು ನಗಲಿಲ್ಲ. 'ಇನ್ನೂ ಕೂತು ಕೇಳು' ಎಂದರು.

ಹೀಗೆ ಸುಖವಾಗಿದ್ದವರಲ್ಲಿ ಲಿಂಗಮ್ಮಜ್ಜಿಯೂ ಒಬ್ಬರು. ಎಪ್ಪತ್ತು ದಾಟಿದ್ದರೂ ನೆಟ್ಟನೆ ಬೆನ್ನು. ಜಗುಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ನಾನು ಅಂಗಳಕ್ಕೆ ಕಾಲಿಡುವ ಮೊದಲೇ 'ಬಾ ಪುಳ್ಳೆ' ಎನ್ನುವರು. ಅವರ ಮಗ ರಂಗಸಾಮಿ ದ್ರಾಕ್ಷಿ ತೋಟದವನು. ಕಡಿಮೆ ಮಾತಿನ, ಸದಾ ಅವಸರದ ಮನುಷ್ಯ. ಕೆಟ್ಟವನೇನಲ್ಲ. ನನ್ನನ್ನು ಕಂಡಾಗಲೆಲ್ಲ ಒಂದು ಗೊಂಚಲು ಕೈಗೆ ಕೊಟ್ಟೇ ಹೋಗುವನು.

ಒಂದು ಬೆಳಿಗ್ಗೆ ಆ ಮನೆಯಿಂದ ಹೊರಬಿದ್ದು ಅಡ್ಡ ಬೀದಿಗೆ ತಿರುಗಿದ್ದೆ. ಹಿಂದಿನಿಂದ ಯಾರೋ ನನ್ನ ಚೀಲ ಹಿಡಿದು ಜಗ್ಗಿದರು. ಅದು ಕೆಂಚಮ್ಮಜ್ಜಿ, ಲಿಂಗಮ್ಮಜ್ಜಿಯ ಬಾಲ್ಯದ ಗೆಳತಿ. ಗಂಡ ತೀರಿಹೋಗಿ, ಮಕ್ಕಳಿಲ್ಲದೆ, ಆ ವಯಸ್ಸಿನಲ್ಲೂ ದ್ರಾಕ್ಷಿ ಚಪ್ಪರಕ್ಕೆ ಕೂಲಿಗೆ ಹೋಗುತ್ತಿದ್ದ ಗಟ್ಟಿಗಿತ್ತಿ.

'ಅವ್ಳಿಗೆ ಕಣ್ ಕಾಣ್ಸಲ್ಲ, ನಿನಗ್ ಗೊತ್ತಾ?' ಎಂದರು ಕೆಂಚಮ್ಮಜ್ಜಿ. 'ಎರಡೂ ಕಣ್ಗೂ ಪೊರೆ ಬಂದೈತೆ. ಮಗ ಇವತ್ತು ಓಗಾಣ, ನಾಳೆ ಓಗಾಣ ಅಂತಾನೆ. ಅಣ್ಣು ಬಲಿತ್ರೆ ತೋಟ ಬುಟ್ಟು ಬರಾಕಾಗಲ್ಲ ಅಂತಾನೆ. ಕಡೇಗೆ ನಾನೇ ಕಣ್ಣಾಸ್ಪತ್ರಿಗೆ ಕೂಟ್ಕೊಂಡು ಓದೆ. ನನ್ನ ನೋಡ್ಬುಟ್ಟು ಅವ್ರು ನಕ್ರು. ಒಂದು ಪಾಟಿಗೆ ಇನ್ನೊಂದು ಪಾಟಿ ತುಣೆಯಾ, ನಿನ್ನ ಯಾರ್ ನೋಡ್ಕಂತಾರೆ ಅಂದ್ರು. ಇನ್ನೂ ತಡ ಆದ್ರೆ ಕಣ್ಣೇ ಓಗ್ತದೆ ಅಂತಲೂ ಅಂದ್ರು.'

ಪಾಟಿ ಎಂದರೆ ಅಜ್ಜಿ, ತುಣೆ ಎಂದರೆ ಜೊತೆ. ಸೆಲ್ವಿ ಅಕ್ಕ ಹುಡುಕುತ್ತಿದ್ದುದು ಇದನ್ನೇ. ನಾನು ಬಂದ ದಾರಿಯಲ್ಲೇ ಓಡಿದೆ. 'ಅಜ್ಜಿ, ನಿಮಗೆ ಕಣ್ಣು ಕಾಣಲ್ವಂತೆ?'

ಲಿಂಗಮ್ಮಜ್ಜಿ ಬಾಯ್ತುಂಬ ನಕ್ಕರು. 'ಯಾರ್ ಏಳಿದ್ದು? ನನ್ನ ಕಣ್ಣಿಗೇನಾಗೈತೆ? ಅಕೋ, ನೀ ಅಸಿರು ಸೊಕ್ಕಾಯಿ ಆಕಂಡಿದ್ದೀ.'

ನಾನು ಹಾಕಿಕೊಂಡಿದ್ದ ಚೂಡಿದಾರ ಹಸಿರೇ. ಅವರ ಕೈಯಲ್ಲಿ ಮಲ್ಲಿಗೆ ಒಂದರ ಪಕ್ಕ ಒಂದು ಸರಾಗವಾಗಿ ಕೂರುತ್ತಿತ್ತು. ನನಗೆ ಕೆಂಚಮ್ಮಜ್ಜಿಯ ಮೇಲೆ ಸಿಟ್ಟೇ ಬಂತು. ಮರುದಿನ ನೀಲಿ ಹಾಕಿಕೊಂಡು ಹೋದೆ. 'ಅಸಿರು ನಿನಗೆ ಒಪ್ತದೆ' ಎಂದರು ಲಿಂಗಮ್ಮಜ್ಜಿ. ಹಿಂದಿನ ದಿನ ಯಾರೋ ಹೇಳಿರಬೇಕು, ಇಲ್ಲವೇ ನೀಲಿಯನ್ನೇ ಹಸಿರೆನ್ನುತ್ತಾರೋ, ಇಲ್ಲವೇ ನನ್ನನ್ನು ಆಟ ಆಡಿಸುತ್ತಿದ್ದಾರೋ, ಏನೊಂದೂ ಗೊತ್ತಾಗಲಿಲ್ಲ.

ಆಮೇಲೆ ಒಂದು ವಿಚಿತ್ರ ನನ್ನ ಗಮನಕ್ಕೆ ಬಂತು. ನಿಮ್ಮ ತೊಂದರೆ ಏನು ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ಪಕ್ಕದ ಮನೆಯ ಅಜ್ಜಿ ಹೇಗಿದ್ದಾರೆ ಎಂದರೆ ತೂಬು ತೆಗೆದ ಹಾಗೆ. ಈ ಮನೆಯವರು ಆ ಮನೆಯವರ ಮೊಣಕಾಲಿನ ಕಥೆ ಹೇಳುತ್ತಾರೆ, ಆ ಮನೆಯವರು ಈ ಮನೆಯವರ ಹರ್ನಿಯಾದ ಕಥೆ ಹೇಳುತ್ತಾರೆ. ಯಾರ ಕಥೆಯೋ ಅವರ ಬಳಿಯೇ ಹೋಗಿ ಕೇಳಿದರೆ ಅವರು ಒಂದು ಕುರೈಯೂ ಇಲ್ಲ ಎನ್ನುತ್ತಾರೆ. ನಾನು ಉತ್ಸಾಹದಿಂದ ಎಲ್ಲವನ್ನೂ ಸೆಲ್ವಿ ಅಕ್ಕನಿಗೆ ಒಪ್ಪಿಸಿದೆ.

'ಇದು ಊರ ಮಾತು, ಸಾಕ್ಷಿ ಅಲ್ಲ' ಎಂದರು ಅವರು. 'ಕಷ್ಟ ಪಟ್ಟವರು ಹೇಳಬೇಕು. ಒಬ್ಬರಾದರೂ ಸಾಕು.'

ಅಷ್ಟರಲ್ಲಿ ನಾನೇ ಲಿಂಗಮ್ಮಜ್ಜಿಯ ಜೊತೆಗೆ ಹೋಗುತ್ತೇನೆಂದು ಆಸ್ಪತ್ರೆಗೆ ಫೋನು ಮಾಡಿ ವಿಚಾರಿಸಿದ್ದೆ. ನೀವು ಅವರಿಗೇನಾಗಬೇಕು ಎಂದು ಕೇಳಿದರು. ಏನೂ ಆಗಬೇಕಿಲ್ಲ ಎಂದೆ. ಹಾಗಾದರೆ ಆಗುವುದಿಲ್ಲ ಎಂದು ಮರ್ಯಾದೆಯಿಂದಲೇ ಹೇಳಿ ಫೋನಿಟ್ಟರು. ಉಳಿದದ್ದು ಸಭೆಯೊಂದೇ. ಅಲ್ಲಿ ಬೇಡಿಕೆ ಒಪ್ಪಿಗೆಯಾದರೆ ಲಿಂಗಮ್ಮಜ್ಜಿಯ ಕಣ್ಣು ಉಳಿದೀತು. ಅದಕ್ಕೆ ಅವರು ಎದ್ದು ನಿಂತು ನನಗೆ ಕಣ್ಣು ಕಾಣುವುದಿಲ್ಲ ಎಂದು ಒಂದೇ ಒಂದು ವಾಕ್ಯ ಹೇಳಬೇಕು. ಸಭೆಗೆ ಬರುತ್ತೀರಾ ಎಂದು ಕೇಳಿದರೆ ತಕ್ಷಣ ಒಪ್ಪಿಬಿಟ್ಟರು. 'ಕೆಂಚಿ ಬತ್ತಾಳಲ್ಲ, ನಾನೂ ಬತ್ತೀನಿ' ಎಂದರು. ನನಗೆ ಹೋದ ಜೀವ ಬಂದಂತಾಯಿತು.

ತೇನಿಯ ಆ ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಹೂಗುಚ್ಛ, ಸದ್ದು ಮಾಡುವ ಮೈಕು. ಬೇರೆ ಊರುಗಳಿಂದಲೂ ಜನ ಬಂದಿದ್ದರು. ವೇದಸಂದೂರು ಕಡೆಯ ನೂಲಿನ ಗಿರಣಿಯಲ್ಲಿ ದುಡಿದಿದ್ದ ಒಬ್ಬಾಕೆ ತನ್ನ ಕೆಮ್ಮಿನ ಕಥೆಯನ್ನು ಖಡಾಖಂಡಿತವಾಗಿ ಹೇಳಿ ಚಪ್ಪಾಳೆ ಗಿಟ್ಟಿಸಿದಳು. ಆಮೇಲೆ ನಮ್ಮ ಊರಿನ ಸರದಿ. ನಾನು ಲಿಂಗಮ್ಮಜ್ಜಿಯ ಕಡೆ ನೋಡಿದೆ. ಎದ್ದು ನಿಂತವರು ಕೆಂಚಮ್ಮಜ್ಜಿ.

ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಳ್ಳೆಯ ಖಡಕ್ ತಮಿಳಿನಲ್ಲಿ, ಗೆಳತಿಯ ಕಣ್ಣಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಆಸ್ಪತ್ರೆಯವರು ನಕ್ಕದ್ದನ್ನೂ ಬಿಡಲಿಲ್ಲ, ಮಗ ನಾಳೆ ನಾಳೆ ಎಂದದ್ದನ್ನೂ ಬಿಡಲಿಲ್ಲ. ಅಧಿಕಾರಿ ಒಳ್ಳೆಯ ಮನುಷ್ಯ, ಮುಂದಕ್ಕೆ ಬಾಗಿ ಕೇಳಿಸಿಕೊಂಡರು. ಆಮೇಲೆ ಮೃದುವಾಗಿ, 'ಆ ಪಾಟಿ ಬಂದಿದ್ದಾರಾ? ಅವರೇ ಹೇಳಲಿ' ಎಂದರು.

ಲಿಂಗಮ್ಮಜ್ಜಿ ಎದ್ದರು. ಕೈ ಮುಗಿದರು. ಸ್ಪಷ್ಟವಾಗಿ ಹೇಳಿದರು: 'ನನಗೆ ಒಂದು ಕುರೈಯೂ ಇಲ್ಲ ಸಾಮಿ. ಕಣ್ಣು ಚೆನ್ನಾಗಿದೆ. ಮಗ ತಂಗ.' ಮತ್ತೆ ಕೂತರು.

ಯಾರೋ ಹಿಂದೆ ಕಿಸಕ್ಕೆಂದರು. ಅಧಿಕಾರಿ ಸೆಲ್ವಿ ಅಕ್ಕನ ಮುಖ ನೋಡಿದರು, ಸೆಲ್ವಿ ಅಕ್ಕ ನನ್ನ ಮುಖ ನೋಡಿದರು. ನಾನು ನೋಡಲು ಯಾರೂ ಉಳಿದಿರಲಿಲ್ಲ. ನಮ್ಮ ಊರಿನ ಅಹವಾಲನ್ನು ಅಲ್ಲೇ ಕೈಬಿಟ್ಟರು. ಬೇಡಿಕೆಯನ್ನು ಪರಿಶೀಲಿಸೋಣ, ಈ ಊರಿನಿಂದ ನಿಜವಾಗಿ ತೊಂದರೆಗೊಳಗಾದವರನ್ನು ಮುಂದೆ ತನ್ನಿ ಎಂದರು.

ವಾಪಸು ಬರುವ ಬಸ್ಸಿನಲ್ಲಿ ನನಗೆ ಅಳುವೇ ಬಂದಿತ್ತು. ಇಬ್ಬರು ಮುದುಕಿಯರು ಮಾತ್ರ ಮದುವೆ ಮುಗಿಸಿ ಬಂದವರಂತೆ ನಿರಾಳವಾಗಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ತಡೆಯಲಾಗದೆ ಕೇಳಿದೆ: 'ಅಷ್ಟು ಹೇಳಿದ ಮೇಲೆ ಇವರು ಇಲ್ಲ ಅಂದುಬಿಟ್ರಲ್ಲ ಅಜ್ಜಿ, ನಿಮಗೆ ಬೇಜಾರಿಲ್ವಾ?'

'ಅವ್ಳು ಇಲ್ಲ ಅನ್ಲೇಬೇಕು' ಎಂದರು ಕೆಂಚಮ್ಮಜ್ಜಿ. 'ಊಂ ಅಂದ್ರೆ ಮಗನ ಮಾನ ಏನಾಗ್ಬೇಕು? ತನ್ನ ಕುರೈ ತಾನೇ ಏಳ್ಕೊಳ್ಳೋಳು ಎಂಥಾ ಎಂಗ್ಸು? ಬ್ಯಾರೆ ಮನೆಯೋಳು ಕೂಟದಾಗೆ ಏಳ್ಬೇಕು, ಅವ್ಳು ಇಲ್ಲ ಅನ್ಬೇಕು. ಆಗ ಕೇಳ್ದೋರಿಗೆಲ್ಲ ನಿಜ ಅಂತ ತಿಳೀತದೆ.'

'ನನಗ್ಯಾಕೆ ಮೊದಲೇ ಹೇಳ್ಲಿಲ್ಲ?'

ಇಬ್ಬರೂ ನನ್ನತ್ತ ತಿರುಗಿದರು. 'ನೀ ಕನ್ನಡದ ಪುಳ್ಳೆ ಅಲ್ವಾ?' ಎಂದರು ಲಿಂಗಮ್ಮಜ್ಜಿ, ನಿಜವಾಗಿ ಆಶ್ಚರ್ಯಪಟ್ಟು. 'ನಿಮ್ಮೂರಾಗೂ ಇಂಗೇ ಅಲ್ವಾ?'

ಅಂದರೆ ಅವರು ನನಗೆ 'ಇಲ್ಲ' ಎಂದದ್ದೆಲ್ಲ ಏನು? ಬೀದಿಯುದ್ದಕ್ಕೂ ಸಿಕ್ಕ ಆ ಚಿನ್ನದಂಥ ಮಕ್ಕಳೆಲ್ಲ ಯಾರು? ನಿಜವಾಗಿಯೂ ತೊಂದರೆ ಇಲ್ಲದವರು ಇಲ್ಲಿ ಅದನ್ನು ಹೇಗೆ ಹೇಳುತ್ತಾರೆ? ಬಸ್ಸು ಗಾಳಿಗೆ ಎದುರಾಗಿ ಓಡುತ್ತಿತ್ತು, ನನ್ನ ತಲೆಯೊಳಗೆ ಎಲ್ಲ ಮೇಲುಕೆಳಗಾಗಿತ್ತು.

ಆಗಬಾರದೆಂದುಕೊಂಡದ್ದು ಆಯಿತು, ಆಗದು ಎಂದುಕೊಂಡದ್ದೂ ಆಯಿತು. ಸಭೆಯ ಸುದ್ದಿ ನಮಗಿಂತ ಮೊದಲೇ ಊರು ಸೇರಿತ್ತು. ರಂಗಸಾಮಿ ಕೆಂಚಮ್ಮಜ್ಜಿಯ ಬಾಗಿಲಿಗೆ ಬಂದು, ಒಳಗೂ ಹೋಗದೆ, ಒಂದು ಬೈಗುಳವನ್ನೂ ಆಡದೆ, ಸ್ವಲ್ಪ ಹೊತ್ತು ನಿಂತು ಹೋದನಂತೆ. ಹಣ್ಣು ಕೊಯ್ಲಿನ ನಡುವೆಯೇ, ಆ ವಾರದೊಳಗೆ, ತಾಯಿಯನ್ನು ಮಧುರೈಗೆ ಕರೆದುಕೊಂಡು ಹೋಗಿ ಒಂದು ಕಣ್ಣಿನ ಆಪರೇಷನ್ ಮಾಡಿಸಿದ. ಸರ್ಕಾರಕ್ಕೆ ಕೇಳಿಸದ ಮಾತು ಅವನಿಗೆ ಕೇಳಿಸಿತ್ತು. ಆದರೆ ಕೆಂಚಮ್ಮಜ್ಜಿಯ ಜೊತೆ ಮಾತು ಬಿಟ್ಟ. ತನ್ನ ತೋಟದ ಕೂಲಿಗೂ ಕರೆಯಲಿಲ್ಲ. ಆಪರೇಷನ್ನಿಗೆ ಮುಂಚೆ ದಿನವೂ ಬರುತ್ತಿದ್ದ ಕೆಂಚಮ್ಮಜ್ಜಿ ಆಮೇಲೆ ಗೆಳತಿಯ ಜಗುಲಿಗೆ ಬರುವುದನ್ನೇ ನಿಲ್ಲಿಸಿದರು. ನನಗೆ ಇದರಿಂದ ಬಹಳ ನೋವಾಯಿತು. ಇದರಲ್ಲಿ ತಪ್ಪು ಯಾರದು ಎಂದು ಹುಡುಕಿದಷ್ಟೂ ನನಗೆ ದಾರಿ ತಪ್ಪುತ್ತಿತ್ತು.

ನಾನು ಹೊರಡುವ ಹಿಂದಿನ ದಿನ ಲಿಂಗಮ್ಮಜ್ಜಿಯನ್ನು ನೋಡಲು ಹೋದೆ. ಕಪ್ಪು ಕನ್ನಡಕ ಹಾಕಿಕೊಂಡು ಜಗುಲಿಯಲ್ಲಿ ಜಬರ್ದಸ್ತಾಗಿ ಕೂತಿದ್ದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, 'ಇಷ್ಟು ಕಪ್ಪಾ ನೀನು!' ಎಂದರು. ಅಂಗಳದಲ್ಲಿ ರಂಗಸಾಮಿ ಕ್ರೇಟುಗಳನ್ನು ಪೇರಿಸುತ್ತಿದ್ದ. ನಾನು ಬಂದಿರುವೆನೆಂದು ತಿಳಿದು ಬೀದಿಯ ಇನ್ನೂ ಕೆಲವರು ಬಂದು ಸೇರಿದರು. ಕೆಂಚಮ್ಮಜ್ಜಿಯೂ ಬಂದರು, ಆದರೆ ಅಂಗಳ ದಾಟದೆ ಬೇಲಿಯ ಹತ್ತಿರವೇ ನಿಂತರು. ನನಗೆ ಕೊಡಲು ಎಲೆಯಲ್ಲಿ ಕಟ್ಟಿದ ಹೂ ತಂದಿದ್ದರು.

ಲಿಂಗಮ್ಮಜ್ಜಿ ಕನ್ನಡಕ ತೆಗೆದರು. ಗೆಳತಿಯನ್ನು ನೋಡುತ್ತ ನೋಡುತ್ತ ಅವರ ಮುಖದಲ್ಲಿದ್ದ ನಗು ಇಳಿದುಹೋಯಿತು.

'ಕೆಂಚೀ, ಇದೇನೇ ಇಂಗಾಗೋಗಿದ್ದೀ!' ಎಂದರು. ಎದ್ದು ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ನನ್ನತ್ತ ಅಲ್ಲ, ಮಗನತ್ತ ಅಲ್ಲ, ನೆರೆದವರೆಲ್ಲರತ್ತ ತಿರುಗಿ ಹೇಳತೊಡಗಿದರು:

'ಇವ್ಳಿಗೆ ಸೋರು ಗಂಟಲಲ್ಲಿ ಇಳೀತಿಲ್ಲ. ಆಡಿ ಉಟ್ಟೋಕ್ ಮುಂಚೆಯಿಂದ್ಲೂ ಇಳೀತಿಲ್ಲ, ಕೆಮ್ಮೋದ್ ನಾ ದಿನಾ ಕೇಳ್ತಿದ್ದೆ. ಕಣ್ಣಿರ್ಲಿಲ್ಲ, ಇಷ್ಟ್ ಸೊರಗಿದ್ದು ನನಗ್ ಕಾಣ್ಲಿಲ್ಲ. ಆಸ್ಪತ್ರಿಗೆ ಓದ್ಳು, ಗಂಟಲೊಳಕ್ಕೆ ಕುಳಾಯಿ ಬುಟ್ಟು ನೋಡ್ಬೇಕು, ತುಣೆಗೆ ಆಳ್ ಕೂಟ್ಕೊಂಡ್ ಬಾ ಅಂದ್ರು. ಯಾರ್ನ ಕೂಟ್ಕೊಂಡ್ ಓಗ್ತಾಳೆ? ಇವ್ಳಿಗ್ ಮಗ ಇದ್ದಾನಾ, ಮಾನ ಓಯ್ತು ಅಂತ ಎದ್ದು ಬರಾಕೆ? ಇದ್ದದ್ದು ನಮ್ಮನೆ ಒಂದು. ಅದ್ನೂ ನನಗೋಸ್ಕರ ಕಳ್ಕೊಂಡ್ಳು.'

ರಂಗಸಾಮಿ ಕ್ರೇಟು ಹಿಡಿದುಕೊಂಡೇ ನಿಂತಿದ್ದ, ಕೆಳಗಿಡುವುದು ಅವನಿಗೆ ಮರೆತಂತಿತ್ತು. ಲಿಂಗಮ್ಮಜ್ಜಿ ಈಗ ನನ್ನತ್ತ ತಿರುಗಿದರು. 'ಪುಳ್ಳೆ, ಆ ಕೂಟ ಇನ್ನೊಂದ್ ಕಿತ ಯಾವಾಗ? ಈ ಸಲ ನಾ ಏಳ್ತೀನಿ.'

ಇನ್ನೊಂದು ಸಭೆ ಇರಲಿಲ್ಲ. ಆದರೆ ಬೇಡಿಕೆಯ ಜೊತೆಗೆ ಈ ಊರಿನಿಂದ ನಿಜವಾಗಿ ತೊಂದರೆಗೊಳಗಾದ ಒಬ್ಬರ ವಿವರ ಕಳಿಸಿ ಎಂದು ಕಚೇರಿಯಿಂದ ಕೇಳಿದ್ದರೆಂದೂ, ಸಿಕ್ಕರೆ ಅವರಿಗೆ ಮೊದಲು ಜೊತೆಗಾರರನ್ನು ಕೊಟ್ಟು ನೋಡೋಣ ಎಂದಿದ್ದರೆಂದೂ ಸೆಲ್ವಿ ಅಕ್ಕ ಹಿಂದಿನ ದಿನವಷ್ಟೇ ಹೇಳಿದ್ದರು. ನಾನು ಅಲ್ಲೇ ಅಂಗಳದಲ್ಲಿ ನಿಂತು ಅವರಿಗೆ ಫೋನು ಮಾಡಿದೆ. ನನ್ನ ಹರಕು ತಮಿಳಿನಲ್ಲಿ ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡರು. ಆಮೇಲೆ, ಬಹಳ ದಣಿದ ದನಿಯಲ್ಲಿ, ಒಂದೇ ಪ್ರಶ್ನೆ ಕೇಳಿದರು.

'ಅವರೇ ಹೇಳಿದರಾ? ಅವರ ಬಾಯಿಂದಲೇ? ಇನ್ನೊಂದು ಸಲ ಹಾಗೆ ಆದರೆ ಬೇಡಿಕೆಯೇ ಬಿದ್ದುಹೋಗುತ್ತದೆ.'

ನಾನು ಫೋನನ್ನು ಕಿವಿಯಿಂದ ತೆಗೆಯದೆ ಬೇಲಿಯ ಕಡೆ ನೋಡಿದೆ. 'ಅಜ್ಜಿ, ನಿಮಗೇನು ತೊಂದರೆ?' ಎಂದು ಕೇಳಿದೆ.

ಕೆಂಚಮ್ಮಜ್ಜಿ ಹೂವಿನ ಪೊಟ್ಟಣವನ್ನು ಎದೆಗೆ ಒತ್ತಿ ಹಿಡಿದಿದ್ದರು. ಕತ್ತಿನ ನರಗಳು ಎದ್ದು ಕಾಣುತ್ತಿದ್ದವು. ಒಮ್ಮೆ ಗೆಳತಿಯನ್ನು, ಒಮ್ಮೆ ನೆರೆದವರನ್ನು ನೋಡಿ, ತಲೆ ಎತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದರು:

'ನನಗೊಂದು ಕುರೈಯೂ ಇಲ್ಲ ಕಣ್ಣು.'

'ಹೇಳಿದ್ರು ಅಕ್ಕಾ' ಎಂದೆ ನಾನು ಫೋನಿಗೆ. 'ಈಗ ತಾನೇ, ಅವರ ಬಾಯಿಂದಲೇ ಹೇಳಿದ್ರು.'